ಪಟ್ಟಿ ಮುಗಿದ ಮೇಲೆ ಸಿಕ್ಕ ಎರಡು ಆಲ್ಬಂ

ತುಮಕೂರಿನ ನಮ್ಮ ಕೇಳುಗರ ಬಳಗ ವರ್ಷದ ಮೆಚ್ಚಿನ ಪಟ್ಟಿಯನ್ನು ಡಿಸೆಂಬರ್‌ನಲ್ಲೇ ಮುಗಿಸುತ್ತದೆ. ಆಮೇಲೆ ಕೈಗೆ ಸಿಕ್ಕ ಎರಡು ಹಳೆಯ ಆಲ್ಬಂಗಳಲ್ಲಿ ಯಾವುದನ್ನು ಮೊದಲು ಕೇಳಬೇಕು ಎನ್ನುವವರಿಗೆ ಈ ಮಾತು.

1978ರ ‘ನಿತ್ಯೋತ್ಸವ’ ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್. ಕವಿತೆಗಳು ನಿಸಾರ್ ಅಹಮದ್ ಅವರವು, ಸಂಗೀತ ಮೈಸೂರು ಅನಂತಸ್ವಾಮಿ ಅವರದು. ಜೋಗ, ತುಂಗೆ, ಸಹ್ಯಾದ್ರಿಗಳನ್ನು ನೆನೆಯುವ ಶೀರ್ಷಿಕೆಗೀತೆ ಶಾಲಾ ಮಕ್ಕಳಿಗೂ ಬಾಯಿಪಾಠ. ಉಳಿದ ಹಾಡುಗಳನ್ನು ಕೂತು ಕೇಳಿದವರು ವಿರಳ. ಇದು ದೊಡ್ಡ ಅನ್ಯಾಯ. ಇಲ್ಲಿ ರಾಗ ಕವಿತೆಯ ಹಿಂದೆಯೇ ನಡೆಯುತ್ತದೆ, ಪದಗಳು ವಾದ್ಯದ ಸದ್ದಿನಲ್ಲಿ ಮುಳುಗುವುದಿಲ್ಲ.

2008ರಲ್ಲಿ ಬಂದ ರಘು ದೀಕ್ಷಿತ್ ಅವರ ಮೊದಲ ಆಲ್ಬಂನಲ್ಲಿ ಗಿಟಾರ್, ಪಿಟೀಲುಗಳದೇ ಹುರುಪು. ಹಿಂದಿ ಹಾಡುಗಳೇ ಹೆಚ್ಚು. ಹಿಡಿದು ಕೂರಿಸುವುದು ಮಾತ್ರ ಶಿಶುನಾಳ ಶರೀಫರ ಎರಡು ತತ್ವಪದಗಳು. ‘ಸೋರುತಿಹುದು ಮನೆಯ ಮಾಳಿಗಿ’ ಸಿ. ಅಶ್ವತ್ಥ್ ಧಾಟಿಗೆ ಒಗ್ಗಿದ ಕಿವಿಗೆ ಮೊದಲು ಅಪರಿಚಿತ ಎನಿಸಬಹುದು. ಎರಡನೆಯ ಸಲಕ್ಕೆ ಒಳಗಿಳಿಯುತ್ತದೆ.

ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನ ಗದ್ದಲದಲ್ಲಿ ಕೇಳುವವರಿಗೆ ಎರಡನೆಯದೇ ಸರಿ. ನನ್ನ ಮತ ‘ನಿತ್ಯೋತ್ಸವ’ಕ್ಕೆ. ಆದರೆ ಅದನ್ನು ರಾತ್ರಿ, ಮನೆಯಲ್ಲಿ, ಇಯರ್‌ಫೋನ್ ಹಾಕಿಕೊಂಡೇ ಕೇಳಿ.