ಪಿಕಾಸೊನ ‘ದಿ ಆ್ಯಕ್ಟರ್’: ಚಿತ್ರದಷ್ಟೇ ಗಮನವಿಟ್ಟು ಅದರ ದಾಖಲೆಯನ್ನೂ ಓದಿ

ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ಈ ಚಿತ್ರ ಸುಮಾರು 196 ಸೆಂ.ಮೀ. ಎತ್ತರವಿದೆ. 1904–05ರಲ್ಲಿ, ನೀಲಿ ಛಾಯೆಯ ಚಿತ್ರಗಳ ಘಟ್ಟದಿಂದ ಗುಲಾಬಿ ಛಾಯೆಯ ಘಟ್ಟದತ್ತ ಹೊರಳುತ್ತಿದ್ದ ಪಿಕಾಸೊ ಬಿಡಿಸಿದ್ದು. ಬಡಕಲು ಮೈಯ ಸರ್ಕಸ್ ಕಲಾವಿದನ ತಿರುಚಿದ ಬೆರಳುಗಳನ್ನು ಮೊದಲು ನೋಡಿ, ಆಮೇಲೆ ಕೆಳಗೆ ಪ್ರಾಂಪ್ಟರ್‌ನ (ನಟರಿಗೆ ಮರೆಯಿಂದ ಮಾತು ನೆನಪಿಸುವವನ) ಕೈಗಳನ್ನು ಹುಡುಕಿ. 2010ರಲ್ಲಿ ವೀಕ್ಷಕರೊಬ್ಬರು ಆಯತಪ್ಪಿ ಬಿದ್ದು ಬಲ ಮೂಲೆ ಸುಮಾರು 15 ಸೆಂ.ಮೀ. ಹರಿದಿತ್ತು. ಕ್ಯಾನ್ವಾಸ್ ಮೇಲೆ ಸಣ್ಣ ಭಾರಗಳನ್ನಿಟ್ಟು ವಾರಗಟ್ಟಲೆ ನೆಟ್ಟಗೆ ಮಾಡಿದ ಆ ದುರಸ್ತಿ ಮೆಚ್ಚಬೇಕಾದ್ದು.

ಒಡೆತನದ ದಾಖಲೆಯ ವಿಷಯ ಅಷ್ಟು ಸಲೀಸಲ್ಲ. ಕಲೋನ್‌ನ ಯಹೂದಿ ಉದ್ಯಮಿ ಪಾಲ್ ಲೆಫ್‌ಮನ್ ಚಿತ್ರವನ್ನು 1912ರಲ್ಲಿ ಕೊಂಡಿದ್ದರು. ನಾಜಿಗಳಿಂದ ತಪ್ಪಿಸಿಕೊಂಡು 1937ರಲ್ಲಿ ದಂಪತಿ ಇಟಲಿಗೆ ಹೋದರು. ಅಲ್ಲಿಂದಲೂ ಪಾರಾಗಲು ಹಣ ಬೇಕಿತ್ತು. 1938ರಲ್ಲಿ ಕಲಾಕೃತಿ ವ್ಯಾಪಾರಿಗಳಾದ ಹ್ಯೂಗೊ ಪರ್ಲ್ಸ್ ಮತ್ತು ಪಾಲ್ ರೋಸೆನ್‌ಬರ್ಗ್‌ಗೆ 13,200 ಡಾಲರ್‌ಗೆ ಮಾರಿದರು. 1941ರಲ್ಲಿ ಸಂಗ್ರಾಹಕಿ ಥೆಲ್ಮಾ ಕ್ರೈಸ್ಲರ್ ಫೋಯ್ ಅದಕ್ಕೆ ಕೊಟ್ಟಿದ್ದು 22,500 ಡಾಲರ್. 1952ರಲ್ಲಿ ಅವರೇ ಮ್ಯೂಸಿಯಂಗೆ ದಾನ ಮಾಡಿದರು.

ದಶಕಗಳ ಕಾಲ ಮ್ಯೂಸಿಯಂ ದಾಖಲೆಯಲ್ಲಿ 1938ರವರೆಗಿನ ಮಾಲೀಕರು ಹೆಸರಿಲ್ಲದ ‘ಜರ್ಮನ್ ಖಾಸಗಿ ಸಂಗ್ರಹ’. ಇದು ಗಂಭೀರ ಲೋಪ. 1938ರ ಮಾರಾಟಗಾರರಾಗಿ ಲೆಫ್‌ಮನ್ ಹೆಸರು ಹೇಳದಿದ್ದರೆ ಆ ಮಾರಾಟದ ಹಿಂದಿನ ಒತ್ತಡವೇ ಮರೆಯಾಗುತ್ತದೆ. 2011ರಲ್ಲಷ್ಟೇ ಸರಿಪಡಿಸಿದರು. ಚಿತ್ರವನ್ನು ಮರಳಿಸಬೇಕೆಂದು 2016ರಲ್ಲಿ ಲೆಫ್‌ಮನ್ ವಾರಸುದಾರರು ಹೂಡಿದ ದಾವೆ 2018ರಲ್ಲಿ ವಜಾ ಆಯಿತು. 2019ರ ಮೇಲ್ಮನವಿ ತೀರ್ಪು ಬೇಡಿಕೆ ತೀರಾ ತಡವಾಯಿತೆಂದಿತು. ಯಾವುದೇ ಚಿತ್ರದ ದಾಖಲೆ ನೋಡುವಾಗ ನಾಜಿ ಆಳ್ವಿಕೆಯ 1933–45ರ ಸಾಲುಗಳಲ್ಲಿ ಮಾರಿದವರ ಹೆಸರು, ಊರು, ವರ್ಷ ಮೂರೂ ಇವೆಯೇ ಎಂದು ಮೊದಲು ನೋಡಿ.