ಮೂರು ಸೀಸನ್ ತುಳಿದ 1,450 ರೂಪಾಯಿಯ ಕ್ರಿಕೆಟ್ ಶೂ

2022ರ ಅಕ್ಟೋಬರ್‌ನಲ್ಲಿ ಕಾಸರಗೋಡು ಪೇಟೆಯ ಅಂಗಡಿಯೊಂದರಲ್ಲಿ ತಗೊಂಡ ರಬ್ಬರ್ ಸ್ಟಡ್ (ನೆಲ ಹಿಡಿಯಲಿಕ್ಕೆ ಅಡಿಯಲ್ಲಿರುವ ಗುಬ್ಬಿ) ಶೂ ಇದು. ಬೆಲೆ 1,450 ರೂಪಾಯಿ. ಮೂರು ಸೀಸನ್ ಆಡಿಯಾಯಿತು, ನಾಲ್ಕನೆಯದಕ್ಕೆ ಮೊನ್ನೆ ಒರೆಸಿ ಇಟ್ಟಿದ್ದೇನೆ. ಕಂಪನಿ ಹೆಸರು ಬರೆಯುವುದಿಲ್ಲ. ಈ ಬೆಲೆಗೆ ನಾಲ್ಕೈದು ಕಂಪನಿಯವರು ಹೆಚ್ಚುಕಡಿಮೆ ಒಂದೇ ತರದ್ದನ್ನು ಮಾಡುತ್ತಾರೆ. ಮೇಲೆ ಸಿಂಥೆಟಿಕ್ ಲೆದರ್, ಬೆರಳಿನ ಮೇಲೆ ಗಾಳಿಯಾಡುವ ಜಾಲರಿ, ನಡುವೆ ಇವಿಎ ಅನ್ನುವ ಮೆತ್ತನೆಯ ಫೋಮ್, ಅಡಿಯಲ್ಲಿ ಗಿಡ್ಡ ರಬ್ಬರ್ ಸ್ಟಡ್‌ಗಳು. ಅಷ್ಟೇ.

ನಾನು ಬದಿಯಡ್ಕ ಕಡೆಯವನು, ಕನ್ನಡ ಮೀಡಿಯಂ ಶಾಲೆಯಲ್ಲಿ ಮಾಷ್ಟ್ರು. ವಯಸ್ಸು 43, ತೂಕ 78 ಕಿಲೋ. ಭಾನುವಾರ ಮಾತ್ರ ಆಟ. ಬಲಗೈ ಮೀಡಿಯಂ ಪೇಸ್ ಹಾಕುತ್ತೇನೆ. ಮಕ್ಕಳು ಅದನ್ನು ಸ್ಪಿನ್ ಅಂತಾರೆ, ಇರಲಿ. ಇಷ್ಟು ಯಾಕೆ ಹೇಳಿದೆ ಅಂದ್ರೆ, 20 ವರ್ಷದ ಹುಡುಗ ಜೋರಾಗಿ ಓಡಿ ಬಂದು ಬೌಲ್ ಮಾಡುವುದಾದರೆ ಇದೇ ಶೂ ಇಷ್ಟು ದಿನ ಬರಲಿಕ್ಕಿಲ್ಲ.

ಇದಕ್ಕೆ ಮೊದಲು ಒಂದು ಪೆಟ್ಟು ತಿಂದಿದ್ದೆ. 2021ರ ಜನವರಿಯಲ್ಲಿ ನಮ್ಮ ಕಾಸರಗೋಡು ತಳಂಗರೆಯ ಹುಡುಗ, ಕೇರಳ ತಂಡದ ಮೊಹಮ್ಮದ್ ಅಜರುದ್ದೀನ್ ವಾಂಖೆಡೆಯಲ್ಲಿ ಮುಂಬೈ ಎದುರು 54 ಎಸೆತಕ್ಕೆ 137 ಹೊಡೆದು ನಾಟೌಟ್ ಉಳಿದನಲ್ಲ, ಆಗ ಇಡೀ ಊರಿಗೇ ಕ್ರಿಕೆಟ್ ಹುಚ್ಚು ಹಿಡಿದಿತ್ತು. ನನ್ನನ್ನೂ ಬಿಡಲಿಲ್ಲ. ಮೊಬೈಲಿನಲ್ಲಿ ನೋಡಿ 3,200 ರೂಪಾಯಿಯ ಬಿಳಿ ಸ್ಪೈಕ್ ಶೂ ತರಿಸಿದೆ. ಎಂಟನೇ ನಂಬರ್, ಯಾವಾಗಲೂ ಹಾಕುವುದು ಅದೇ. ಪೆಟ್ಟಿಗೆ ತೆರೆದಾಗ ಮಕ್ಕಳೆಲ್ಲ ಮುತ್ತಿಕೊಂಡು ನೋಡಿದರು.

ನಮ್ಮ ಮೈದಾನ ಅಂದ್ರೆ ಪದವು, ಗುಡ್ಡದ ಮೇಲಿನ ಸಮತಟ್ಟು ಬಯಲು. ಅಡಿಯಲ್ಲಿ ಮುರಕಲ್ಲು (ಜಂಬಿಟ್ಟಿಗೆ), ಮೇಲೆ ಒಂದು ಬೆರಳು ದಪ್ಪ ಕೆಂಪು ಹುಡಿ. ಪಿಚ್ಚಿಗೆ ಮ್ಯಾಟ್. ಸ್ಪೈಕ್ ಅಂದ್ರೆ ಲೋಹದ ಮೊಳೆ, ಅದು ಟರ್ಫ್ (ಹುಲ್ಲು ಬೆಳೆಸಿದ ಮಣ್ಣಿನ) ಪಿಚ್ಚಿಗೆ ಇಳಿದು ಹಿಡಿಯಲಿಕ್ಕೆ ಇರುವುದು. ಮುರಕಲ್ಲಿಗೆ ಇಳಿಯುವುದು ಹೇಗೆ? ಓಡಿದರೆ ಕಟಕಟ ಸದ್ದು, ತಿರುಗಿದರೆ ಜಾರುತ್ತದೆ, ಅಂಗಾಲಿಗೆ ಒಂದೊಂದು ಮೊಳೆಯೂ ಬೇರೆಬೇರೆಯಾಗಿ ಒತ್ತುತ್ತದೆ. ಮ್ಯಾಟಿನ ಮೇಲೆ ಹೋದರೆ ಮ್ಯಾಟ್ ಹರಿಯುತ್ತದೆ ಅಂತ ಬೈಗುಳ ಬೇರೆ. ಅಗಲವೂ ಸಾಲದು. ಬೌಲಿಂಗಿನಲ್ಲಿ ಮುಂಗಾಲು ಊರುವಾಗ ಮೈಭಾರದ ಹಲವು ಪಟ್ಟು ಅದರ ಮೇಲೆ ಬೀಳುತ್ತದೆ, ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ತುದಿಗೆ ಗುದ್ದುತ್ತದೆ. ಮೂರು ಭಾನುವಾರದಲ್ಲಿ ಎಡಗಾಲಿನ ಹೆಬ್ಬೆರಳ ಉಗುರು ಕಪ್ಪಾಯಿತು. ಏಪ್ರಿಲ್‌ನ ವಿಷು ಹಬ್ಬದ ಹೊತ್ತಿಗೆ ಬಿದ್ದೇ ಹೋಯಿತು. ಮೈದಾನದಲ್ಲಿ ಹಾಕಿದ್ದನ್ನು ವಾಪಸ್ ತಗೊಳ್ಳುವುದಿಲ್ಲ ಅಂದರು ಮಾರಿದವರು. ಅವರದ್ದೂ ತಪ್ಪಲ್ಲ ಬಿಡಿ.

ದೊಡ್ಡ ಫಾಸ್ಟ್ ಬೌಲರುಗಳು ಹೆಬ್ಬೆರಳಿಗೆ ಜಾಗ ಮಾಡಲು ಶೂವಿನ ಮೂತಿಯನ್ನೇ ಕತ್ತರಿಸುತ್ತಾರೆ ಅಂತ ಗೊತ್ತಿತ್ತು. 3,200 ರೂಪಾಯಿಯದ್ದಕ್ಕೆ ಕತ್ತರಿ ಹಾಕಲು ನನಗೆ ಧೈರ್ಯ ಬರಲಿಲ್ಲ.

ಆದ್ದರಿಂದ ಎರಡನೇ ಸಲ ಅಂಗಡಿಗೇ ಹೋದೆ, ಸಂಜೆ ಐದರ ಮೇಲೆ. ಬೆಳಗ್ಗೆಗಿಂತ ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ, ಆಡುವಾಗ ಇನ್ನೂ ಊದುತ್ತದೆ. ಆಟಕ್ಕೆ ಹಾಕುವ ದಪ್ಪ ಕಾಲುಚೀಲ ಕಿಸೆಯಲ್ಲೇ ಇತ್ತು. ಅಂಗಡಿಯವರು ಎಂಟು ಕೊಟ್ಟರು. ಒಂಬತ್ತು ಕೇಳಿದೆ. "ದೊಡ್ಡದಾಗ್ತದೆ ಮಾಷ್ಟ್ರೇ" ಅಂದರು. ಎರಡನ್ನೂ ಹಾಕಿ ಮೂತಿಯನ್ನು ಗೋಡೆಗೆ ಮೆಲ್ಲ ಒದ್ದು ನೋಡಿದೆ. ಎಂಟರಲ್ಲಿ ಬೆರಳು ತಾಗಿತು, ಒಂಬತ್ತರಲ್ಲಿ ತಾಗಲಿಲ್ಲ. ಹಿಮ್ಮಡಿ ಸ್ವಲ್ಪ ಸಡಿಲ ಅನ್ನಿಸಿತು. ಅದಕ್ಕೆ ಲೇಸ್ ಕಟ್ಟುವ ಕ್ರಮ ಇದೆ. ಎಲ್ಲಕ್ಕಿಂತ ಮೇಲಿನ ಎರಡು ತೂತುಗಳನ್ನು ಯಾರೂ ಬಳಸುವುದಿಲ್ಲ, ಅಲ್ವಾ? ಆಯಾ ಬದಿಯ ಲೇಸನ್ನು ಅದೇ ಬದಿಯ ಮೇಲಿನ ತೂತಿಗೆ ಹಾಕಿ ಒಂದು ಸಣ್ಣ ಕುಣಿಕೆ ಮಾಡಬೇಕು. ಈ ಬದಿಯ ಲೇಸ್ ಆ ಬದಿಯ ಕುಣಿಕೆಯೊಳಗೆ ಹೋಗಬೇಕು. ಆಮೇಲೆ ಎಳೆದು ಗಂಟು. ಹಿಮ್ಮಡಿ ಗಟ್ಟಿ ಕೂರುತ್ತದೆ, ಬೆರಳು ಮುಂದೆ ಹೋಗುವುದಿಲ್ಲ. ಈ ಮೂರು ಸೀಸನ್‌ನಲ್ಲಿ ಒಂದು ಉಗುರೂ ಕಪ್ಪಾಗಿಲ್ಲ.

ಮೊದಲನೇ ಸೀಸನ್ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ. ಎರಡು ಭಾನುವಾರದಲ್ಲಿ ಪಾದಕ್ಕೆ ಹೊಂದಿತು. ಮುರಕಲ್ಲಿನಲ್ಲೂ ಮ್ಯಾಟಿನಲ್ಲೂ ಹಿಡಿತ ಚೆನ್ನಾಗಿತ್ತು. ಕೊಯ್ಲಾದ ಗದ್ದೆಯಲ್ಲಿ ಆಡಿದಾಗ ಮಾತ್ರ ಇಬ್ಬನಿಗೆ ಮಣ್ಣು ಸ್ಟಡ್ಡುಗಳ ನಡುವೆ ತುಂಬಿ ಕಾಲು ಭಾರವಾಗುತ್ತಿತ್ತು.

ತೊಂದರೆ ಬಂದದ್ದು ಮಳೆಗಾಲದಲ್ಲಿ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೂ ಬೂಷ್ಟು ಬರುತ್ತದೆ, ಶೂ ಬಿಡುತ್ತದಾ? 2023ರ ಜೂನ್‌ನಲ್ಲಿ ಕೊನೆಯ ಆಟದ ದಿನ ಪೂರ್ತಿ ನೆನೆಯಿತು. ನಾನು ಬುದ್ಧಿವಂತ, ತಗೊಂಡು ಹೋಗಿ ಬಚ್ಚಲಿನ ಒಲೆಯ ಪಕ್ಕ ಇಟ್ಟೆ. ನಾಲ್ಕು ದಿನ ಬಿಟ್ಟು ನೋಡಿದರೆ ಬಲಗಾಲಿನ ಶೂ ಮುಂದಿನಿಂದ ಬಾಯಿ ಬಿಟ್ಟಿದೆ. ಬಿಸಿಗೆ ಅಂಟು ಮೆತ್ತಗಾಗಿ ಸೋಲ್ ಎದ್ದಿತ್ತು. "ಅಡಿಕೆ ಒಣಗಿಸಿದ ಹಾಗೆ ಶೂ ಒಣಗಿಸಿದ್ರೆ ಇನ್ನೇನಾಗ್ತದೆ?" ಅಂದಳು ಮನೆಯವಳು. ಉತ್ತರ ಇರಲಿಲ್ಲ.

ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವವರು ಶೂವನ್ನು ತಿರುಗಿಸಿ, ಮೂಸಿ, ಬಾಯಿ ಬಿಟ್ಟ ಕಡೆ ಬೆರಳು ತೂರಿಸಿ ನೋಡಿದರು. "ಬರೀ ಅಂಟು ಹಾಕಿದ್ರೆ ನಿಲ್ಲುದಿಲ್ಲ, ಸುತ್ತ ಹೊಲಿಗೆ ಹಾಕುವ" ಅಂದರು. ಬಲಗಾಲಿನ ಮೂತಿ ಒಳಬದಿಯಲ್ಲಿ ಸವೆದದ್ದನ್ನೂ ಅವರೇ ತೋರಿಸಿದ್ದು. ಬಾಲ್ ಬಿಡುವಾಗ ಹಿಂಗಾಲಿನ ಬೆರಳು ನೆಲಕ್ಕೆ ಉಜ್ಜುತ್ತದೆ, ನೂರಾರು ಓವರಿನ ಗುರುತು ಅದು. ಅಲ್ಲಿಗೆ ಒಂದು ತುಂಡು ರಬ್ಬರ್ ಅಂಟಿಸಿ ಹೊಲಿದರು. ಎರಡಕ್ಕೂ ಸೇರಿ 120 ರೂಪಾಯಿ. ಹೊಲಿಗೆ ಇವತ್ತಿಗೂ ಒಂದು ಕಡೆಯೂ ಬಿಟ್ಟಿಲ್ಲ. ಹೊಸ ಶೂ ತಗೊಂಡರೆ ಮೊದಲ ಆಟಕ್ಕೆ ಮುಂಚೆಯೇ ಸುತ್ತ ಹೊಲಿಗೆ ಹಾಕಿಸುತ್ತೇನೆ.

ಈಗ ಮಳೆಗಾಲಕ್ಕೆ ಇಡುವ ಕ್ರಮ ಬೇರೆ. ಒಳಗಿನ ಪ್ಯಾಡ್ ತೆಗೆದು, ಪೇಪರ್ ತುರುಕಿ, ಎರಡು ದಿನಕ್ಕೊಮ್ಮೆ ಪೇಪರ್ ಬದಲಿಸಿ ನೆರಳಲ್ಲೇ ಒಣಗಿಸುತ್ತೇನೆ. ಆಮೇಲೆ ಕಪಾಟಿನ ಮೇಲಿನ ಅಂತಸ್ತು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ಬೇಡ, ಒಳಗೇ ಬೆವರುತ್ತದೆ. ಸೋಲ್ ಯಾವುದರದ್ದು ಅಂತ ನೋಡುವುದೂ ಇದಕ್ಕೇ. ಪಿಯು (ಪಾಲಿಯುರೆಥೇನ್) ಸೋಲ್ ಆದರೆ ಗಾಳಿಯ ತೇವಕ್ಕೆ ನಿಧಾನವಾಗಿ ಕೆಡುತ್ತದೆ, ಹಾಕದೆ ಇಟ್ಟರೂ ಕೆಲವು ವರ್ಷದಲ್ಲಿ ಹುಡಿ ಹುಡಿಯಾಗಿ ಉದುರುತ್ತದೆ. ಇವಿಎಗೆ ಆ ಕಾಟ ಇಲ್ಲ. ಆದರೆ ಅದು ಕುಗ್ಗುತ್ತದೆ. ನನ್ನದರಲ್ಲಿ ಹಿಮ್ಮಡಿಯ ಫೋಮ್ ಎರಡನೇ ಸೀಸನ್ ಮುಗಿಯುವಾಗ ಚಪ್ಪಟೆಯಾಯಿತು, ಹತ್ತು ಓವರ್ ಫೀಲ್ಡಿಂಗ್ ನಿಂತರೆ ಹಿಮ್ಮಡಿ ನೋವು. 250 ರೂಪಾಯಿಯ ಬೇರೆ ಪ್ಯಾಡ್ ಹಾಕಿದ ಮೇಲೆ ಸರಿಯಾಯಿತು. ಜಾಲರಿಯಿಂದ ಒಳಗೆ ಹೋಗುವ ಕೆಂಪು ಹುಡಿಗೆ ಮಾತ್ರ ಮದ್ದಿಲ್ಲ. ಬಿಳಿ ಕಾಲುಚೀಲದ ಆಸೆ ಬಿಟ್ಟಿದ್ದೇನೆ.

ಒಟ್ಟು ಖರ್ಚು 1,820 ರೂಪಾಯಿ ಆಯಿತು, ಸೀಸನ್ನಿಗೆ 600 ಚಿಲ್ಲರೆ. ಆ ಬಿಳಿ ಸ್ಪೈಕ್ ಈಗಲೂ ಪೆಟ್ಟಿಗೆಯಲ್ಲಿದೆ. ಟರ್ಫಿನಲ್ಲಿ ಆಡುವವರಿಗೆ, ಪಾದ ಕಿರಿದಾಗಿದ್ದರೆ, ಅದೇ ಒಳ್ಳೆಯ ಶೂ ಇರಬಹುದು.

ಈಗ ತಗೊಳ್ಳುವವರಿಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಶೂಗಳಿಗೆ ಜಿಎಸ್‌ಟಿ 5 ಶೇಕಡ. ಸಾವಿರಕ್ಕಿಂತ ಮೇಲಿನವಕ್ಕೆ ಮೊದಲು 18 ಇತ್ತು. ಹಳೆ ಸ್ಟಾಕಿನ ಪೆಟ್ಟಿಗೆ ಮೇಲೆ ಹಳೆ ಬೆಲೆಯೇ ಇರಬಹುದು, ಕೇಳಿ ನೋಡಿ.

ಮೊನ್ನೆ ಒಂಬತ್ತನೇ ಕ್ಲಾಸಿನ ಒಬ್ಬ ಬಂದು, "ಸರ್, ಸ್ಪೈಕ್ ತಗೊಳ್ಳುವ ಅಂತ ಇದ್ದೇನೆ, ಅಪ್ಪ ಎರಡು ಸಾವಿರ ಕೊಡ್ತಾರೆ" ಅಂದ. ಕಾಲು ತೋರಿಸು ಅಂದೆ. ಬಾತುಕೋಳಿಯ ಪಾದ, ನನಗಿಂತಲೂ ಅಗಲ. ಶನಿವಾರ ಪ್ರಾಕ್ಟೀಸ್ ಮುಗಿಸಿ ಸಂಜೆಯ ಬಸ್ಸಿಗೆ ಕಾಸರಗೋಡಿಗೆ ಹೋಗುತ್ತಿದ್ದೇವೆ. ಕಾಲುಚೀಲ ತರಲು ಹೇಳಿದ್ದೇನೆ.