ಪಾಲ್ಯಾಚಿಯೋ, ಕವಲ್ಲೆರಿಯಾ ರುಸ್ತಿಕಾನಾವೋ?
ಮೊದಲ ಸಲ ಒಪೆರಾ (ಹಾಡಿನಲ್ಲೇ ಸಾಗುವ ನಾಟಕ) ನೋಡುವವರಿಗೆ ಲಿಯೊಂಕವಾಲ್ಲೊನ 'ಪಾಲ್ಯಾಚಿ' (1892) ಸುಲಭ. ಮುನ್ನುಡಿ, ಎರಡು ಅಂಕ, ಸುಮಾರು 75 ನಿಮಿಷ. ಹೆಂಡತಿ ನೆಡ್ಡಾಳ ಗುಟ್ಟಿನ ಪ್ರೇಮ ತಿಳಿದ ಮೇಲೂ ನಾಟಕ ತಂಡದ ಕಾನಿಯೊ ವಿದೂಷಕನ ವೇಷ ಕಟ್ಟಲೇಬೇಕು. ಅವನ 'ವೆಸ್ತಿ ಲಾ ಜುಬ್ಬಾ' ಹಾಡು ಹುಟ್ಟುವುದು ಆ ಸಂಕಟದಲ್ಲಿ. ಇಲ್ಲಿ ಗಾಯಕ ಹಾಡುವುದಕ್ಕಿಂತ ಬಿಕ್ಕುವುದೇ ಹೆಚ್ಚಾದರೆ ರಾಗ ಕೆಡುತ್ತದೆ, ಧ್ವನಿಮುದ್ರಿಕೆ ಆರಿಸುವಾಗ ಇದನ್ನೇ ಗಮನಿಸಿ. ಕೊನೆಗೆ ನಾಟಕದೊಳಗಿನ ನಾಟಕದಲ್ಲಿ, ಕಣ್ಣೆದುರೇ ಕೊಲೆ.

ಮಸ್ಕಾನ್ಯಿಯ 'ಕವಲ್ಲೆರಿಯಾ' (1890) ಒಂದೇ ಅಂಕ. ಸಿಸಿಲಿಯ ಹಳ್ಳಿ, ಈಸ್ಟರ್ ದಿನ. ಆರಂಭ ನಿಧಾನ, ತಾಳ್ಮೆ ಬೇಕು. ಪ್ರಿಯಕರ ಟುರಿದ್ದು ಕೈಬಿಟ್ಟ ಸಾಂತುತ್ಸಾಳ ಅಳಲೇ ಇದರ ಜೀವಾಳ. ಟುರಿದ್ದು ಸಾಯುವುದು ತೆರೆಮರೆಯಲ್ಲಿ. ನಮಗೆ ಸಿಗುವುದು ಹೆಂಗಸೊಬ್ಬಳ ಕೂಗು ಮಾತ್ರ. ಒಂದೇ ಸಂಜೆ ಎರಡೂ ಇದ್ದರೆ ಸಾಮಾನ್ಯವಾಗಿ ಇದೇ ಮೊದಲು.